ಅರವತ್ತೆಂಟು ವರ್ಷದ ಶಿಷ್ಯ

ಊಟದ ಚಮಚ ಒಂದು, ಉಗುರು ಕತ್ತರಿ ಒಂದು, ಹೆಂಡತಿಯ ತಲೆಪಿನ್ನು ಎರಡು. ಇಷ್ಟೇ ಆಯುಧ ಹಿಡಿದು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಅರವತ್ತು ವರ್ಷ ವಯಸ್ಸಿನ ಕಾರಿನ ಗೇರ್‌ಬಾಕ್ಸನ್ನು ಬಿಚ್ಚಿ, ತೊಳೆದು, ಒರೆಸಿ, ಮತ್ತೆ ಕೂಡಿಸಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಒಬ್ಬ, ಅವನೇ ಚಿಕ್ಕಳಿಯ. ಈ ಮಾತನ್ನು ಹೇಳಿದವನೂ ಚಿಕ್ಕಳಿಯನೇ ಆದ್ದರಿಂದ ಅನುಮಾನಕ್ಕೆ ಎಡೆಯೇ ಇಲ್ಲ.

"ಕಣ್ಣಿಗ್ಯಾಕೆ ಬಟ್ಟೆ ಕಟ್ಕೊಂಡ್ರಿ?" ಎದುರುಮನೆಯ ಹೊಲಿಗೆ ಟೀಚರ್ ಗೇಟಿನಾಚೆಯಿಂದ ಕೇಳಿದರು.

"ಗೇರ್‌ಬಾಕ್ಸ್ ಒಳಗೆ ಕತ್ತಲು ಇರುತ್ತಲ್ಲ ಟೀಚರ್. ಮೊದಲೇ ಅಭ್ಯಾಸ ಆಗ್ಲಿ ಅಂತ."

ಟೀಚರ್ ಬಾಯಿಯ ಮೇಲೆ ಕೈಯಿಟ್ಟುಕೊಂಡು ಒಳಗೆ ಹೋದರು. ಸಂಜೆಯೊಳಗೆ ಆ ಬೀದಿಯ ಹದಿನಾಲ್ಕು ಮನೆಗಳಿಗೂ ಸುದ್ದಿ ಮುಟ್ಟಿತು. ಮುಟ್ಟುವಷ್ಟರಲ್ಲಿ ತಲೆಪಿನ್ನು ಎರಡಿದ್ದದ್ದು ಒಂದಾಗಿತ್ತು, ಉಗುರು ಕತ್ತರಿ ಬಿಟ್ಟೇ ಹೋಗಿತ್ತು.

ಚಿಕ್ಕಳಿಯ ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವ ಕೆಲಸ. ಅದರಲ್ಲೂ ಅವನು ಹೆಸರುವಾಸಿಯೇ. ಮೂರು ಕೋಣೆಯ ಮನೆಯೊಂದು ಒಂದೇ ತಿಂಗಳಲ್ಲಿ ಒಂದು ಕೆರೆಯಷ್ಟು ನೀರು ಕುಡಿದಿದೆ ಎಂದು ಬರೆದು, ಆ ಮನೆಯನ್ನು ಕಣ್ಣಾರೆ ನೋಡಿ ಪಾವನರಾಗಲು ನಾಲ್ವರು ಎಂಜಿನಿಯರುಗಳು ಜೀಪು ಹತ್ತಿ ಬರುವಂತೆ ಮಾಡಿದ್ದ. ವಾಸ ಮಾವನ ಮನೆಯ ಹಿಂಬದಿಯ ಎರಡು ಕೋಣೆಗಳಲ್ಲಿ.

ಮಾವ ನಿವೃತ್ತ ಗಣಿತದ ಮೇಷ್ಟ್ರು. ಅವರ ಕಾರು ಕೆನೆ ಬಣ್ಣದ್ದು. ಉಬ್ಬಿದ ಕೆನ್ನೆ, ದುಂಡು ದೀಪ, ಒಳಗೆ ಕೂತರೆ ಎದ್ದು ಬರಲು ಮನಸ್ಸಾಗದ ಚರ್ಮದ ಸೀಟು. ಕಣ್ಣು ಮಂಜಾಗತೊಡಗಿದಾಗ ಮಾವ ಇಬ್ಬರು ಅಳಿಯಂದಿರನ್ನೂ ಜಗಲಿಯಲ್ಲಿ ಕೂರಿಸಿ ಲೆಕ್ಕದ ಪ್ರಶ್ನೆ ಕೊಡುವ ದನಿಯಲ್ಲಿ ಹೇಳಿದ್ದರು: "ಗಾಡಿ ಒಂದು, ಅಳಿಯಂದ್ರು ಇಬ್ರು. ಭಾಗ ಮಾಡೋಕಾಗಲ್ಲ. ಯಾರಿಗೆ ಅದರ ಹೊಟ್ಟೆಯೊಳಗಿನ ಸಂಗತಿ ಗೊತ್ತಿದೆಯೋ ಅವರಿಗೆ ಕೊಡ್ತೀನಿ. ಆರು ತಿಂಗಳು ನೋಡ್ತೀನಿ."

ದೊಡ್ಡಳಿಯನಿಗೆ ದೊಡ್ಡ ಹೋಟೆಲು, ಅದಕ್ಕಿಂತ ದೊಡ್ಡ ಹೊಟ್ಟೆ. ಗಾಡಿ ಸಿಕ್ಕರೆ ಎಂಜಿನ್ ಕಿತ್ತೆಸೆದು, ಬಾನೆಟ್ಟಿನೊಳಗೆ ಹೂವಿನ ಕುಂಡ ಇಟ್ಟು, ಹೋಟೆಲಿನ ಬಾಗಿಲಲ್ಲಿ ನಿಲ್ಲಿಸಬೇಕೆಂದು ಆಗಲೇ ಯಾವ ಬಣ್ಣದ ಹೂವೆಂದೂ ಆರಿಸಿಟ್ಟಿದ್ದ. ಚಿಕ್ಕಳಿಯನಿಗೆ ಈ ಮಾತು ಕೇಳಿದಾಗಲೆಲ್ಲ ತನ್ನ ಹೊಟ್ಟೆಯೊಳಗೇ ಯಾರೋ ಮಣ್ಣು ತುಂಬಿ ಗಿಡ ನೆಟ್ಟಂತಾಗುತ್ತಿತ್ತು. ವಾರಕ್ಕೊಮ್ಮೆ ಆ ಗಾಡಿಯನ್ನು ತೊಳೆಯುತ್ತಿದ್ದವನು ಅವನೇ. ತೊಳೆಯುತ್ತ ಅದಕ್ಕೆ ವಾರದ ಸುದ್ದಿಯನ್ನೆಲ್ಲ ಹೇಳುತ್ತಿದ್ದ. ಹೆಂಡತಿಗೆ ಹೇಳದ ಸುದ್ದಿಗಳೂ ಅದರಲ್ಲಿರುತ್ತಿದ್ದವು.

ಮೂರನೇ ತಿಂಗಳಲ್ಲಿ, ಚಿಕ್ಕಳಿಯ ಒಬ್ಬನೇ ಗಾಡಿ ತೆಗೆದುಕೊಂಡು ಹೋಗಿದ್ದಾಗ, ಪೇಟೆಯ ನಟ್ಟನಡುವೆ ಗೇರ್‌ಬಾಕ್ಸು ಸಾವಿರ ಪಾತ್ರೆಗಳು ಒಟ್ಟಿಗೆ ಉರುಳಿದಂತೆ ಕಿರುಚಿ ನಿಂತುಬಿಟ್ಟಿತು. "ವಯಸ್ಸಾಗಿತ್ತು ಮಾವ" ಎಂದು ಮನೆಗೆ ಬಂದು ಹೇಳಿದ. ಅರವತ್ತು ವರ್ಷದ ಗಾಡಿಗೆ ವಯಸ್ಸಾಗಿಲ್ಲ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಗಾಡಿಯನ್ನು ಸ್ನೇಹಿತನ ಶೆಡ್ಡಿನಲ್ಲಿಟ್ಟು ನೋಡುತ್ತೇನೆ ಎಂದು ಹೇಳಿ, ಯಾರಿಗೂ ತಿಳಿಸದೆ ಎಳೆಸಿಕೊಂಡು ಹೋದದ್ದು ಗೇರ್ ಮೇಸ್ತ್ರಿಯ ಗ್ಯಾರೇಜಿಗೆ.

ಈ ಮೇಸ್ತ್ರಿ ಹಳೇ ಕಾರುಗಳ ಗೇರ್‌ಬಾಕ್ಸ್ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಎಂಜಿನ್ ಕೆಟ್ಟಿದೆ ಎಂದರೆ "ಅದು ಪಕ್ಕದ ಓಣಿ ಸಾರ್" ಎನ್ನುತ್ತಿದ್ದರು. ಅವರ ಗ್ಯಾರೇಜಿನ ನೆಲ ಎಷ್ಟು ಚೊಕ್ಕಟವೆಂದರೆ ಅಲ್ಲಿ ಚೆಲ್ಲಿದ ಎಣ್ಣೆಗೇ ಸಂಕೋಚವಾಗಿ ತಾನಾಗಿ ಡಬ್ಬಿಗೆ ವಾಪಸ್ ಹೋಗುತ್ತಿತ್ತು. ಗಿರಾಕಿಗೆಂದು ಮೆತ್ತೆ ಹಾಕಿದ ಕುರ್ಚಿ, ಪಕ್ಕದಲ್ಲಿ ಮುಚ್ಚಳವಿದ್ದ ನೀರಿನ ಲೋಟ. ಬಿಚ್ಚಿದ ಒಂದೊಂದು ಭಾಗವನ್ನೂ ಗಿರಾಕಿಯ ಕಣ್ಣ ಮುಂದೆ ಹಿಡಿದು, ಇದು ಏನು, ಯಾಕೆ ಹಾಳಾಗಿದೆ ಎಂದು ವಿವರಿಸಿ, ಗಿರಾಕಿ ತಲೆಯಾಡಿಸಿದ ಮೇಲೆಯೇ ಮುಂದಿನ ಬೋಲ್ಟಿಗೆ ಕೈ ಹಾಕುತ್ತಿದ್ದರು. ಚಿಕ್ಕಳಿಯ ಇನ್ನೂರ ಹದಿನಾಲ್ಕು ಸಲ ತಲೆಯಾಡಿಸಿದ. ಅದರಲ್ಲಿ ತೊಂಬತ್ತು ಸಲ ತೂಕಡಿಕೆಯದ್ದು. ಮೇಸ್ತ್ರಿ ಅದನ್ನು ಲೆಕ್ಕಕ್ಕೆ ಹಿಡಿಯದೆ, ಅವನು ಎಚ್ಚರವಾಗುವವರೆಗೂ ಬೇರಿಂಗನ್ನು ಕೈಯಲ್ಲಿ ಹಿಡಿದು ನಿಂತೇ ಇರುತ್ತಿದ್ದರು.

ಮೂರನೇ ಗೇರಿನ ಹಲ್ಲುಗಳು ಉದುರಿಹೋಗಿದ್ದವು. ಅಂಥ ಗೇರು ಈಗ ಎಲ್ಲೂ ಸಿಗುವುದಿಲ್ಲ. ಮೇಸ್ತ್ರಿ ಹನ್ನೊಂದು ಊರಿಗೆ ಕಾಗದ ಬರೆದರು. ಹನ್ನೊಂದರಿಂದಲೂ ಇಲ್ಲವೆಂದು ಉತ್ತರ ಬಂತು. ಆಗ ಉಕ್ಕಿನ ತುಂಡೊಂದನ್ನು ತಂದು, ತಾವೇ ಕೊರೆದು, ಮೂರು ದಿನ ಕೂತು ಒಂದೊಂದು ಹಲ್ಲನ್ನೂ ಅರ ಹಾಕಿ ಉಜ್ಜಿ, ಗೇರು ಮಾಡಿದರು. ಕಡೆಗೆ ಮರದ ಕೋಲೊಂದರ ತುದಿಯನ್ನು ಗೇರ್‌ಬಾಕ್ಸಿಗೂ ಇನ್ನೊಂದು ತುದಿಯನ್ನು ಕಿವಿಗೂ ಇಟ್ಟು, ತೊಟ್ಟಿಲ ಮಗುವಿನ ಉಸಿರು ಕೇಳುವಂತೆ ಕೇಳಿ, "ನಿದ್ದೆ ಮಾಡ್ತಾ ಇದೆ ಸಾರ್. ಕರ್ಕೊಂಡು ಹೋಗಿ" ಎಂದರು.

ಚಿಕ್ಕಳಿಯ ಗಾಡಿ ತಂದು ನಿಲ್ಲಿಸಿದಾಗ ಜಗಲಿಯಲ್ಲಿ ದೊಡ್ಡಳಿಯನೂ ಇದ್ದ. ಮಾವ ತಾವೇ ಗಾಡಿ ಹತ್ತಿ ಬೀದಿಯ ಕೊನೆಯವರೆಗೆ ಹೋಗಿ ಬಂದರು. ಇಳಿಯುವಾಗ ಅವರ ಕಣ್ಣು ಒದ್ದೆಯಾಗಿತ್ತು. "ಬೆಣ್ಣೇಲಿ ಬೆರಳಿಟ್ಟ ಹಾಗೆ ಬೀಳ್ತಾ ಇದೆ ಗೇರು. ಯಾರು ಮಾಡಿದ್ದು?"

ಚಿಕ್ಕಳಿಯ ಮೇಸ್ತ್ರಿಯ ಹೆಸರು ಹೇಳಲೆಂದೇ ಬಾಯಿ ತೆರೆದಿದ್ದ. ಇದನ್ನು ನಾವು ನಂಬಬೇಕು. ಆದರೆ ಅಷ್ಟರಲ್ಲಿ ದೊಡ್ಡಳಿಯ ನಕ್ಕುಬಿಟ್ಟ. "ಯಾರೋ ಮಾಡಿರ್ತಾರೆ ಬಿಡಿ ಮಾವ. ಇವನ ಕೈಲಿ ಬಲ್ಬು ಬದಲಾಯಿಸೋಕೂ ಇನ್ನೊಬ್ರು ಸ್ಟೂಲು ಹಿಡೀಬೇಕು!"

"ನಾನೇ ಮಾಡಿದ್ದು" ಎಂದಿತು ಚಿಕ್ಕಳಿಯನ ಬಾಯಿ.

ಒಂದು ಸಲ ಹೊರಬಿದ್ದ ಮೇಲೆ ಮಾತನ್ನು ನಿರಾಭರಣವಾಗಿ ಬಿಡುವುದು ಅವನ ಜಾಯಮಾನವಲ್ಲ. ಚಮಚ, ಉಗುರು ಕತ್ತರಿ, ತಲೆಪಿನ್ನುಗಳು ಒಂದೊಂದಾಗಿ ಬಂದು ಸೇರಿದ್ದು ಹೀಗೆ.

ಮರುದಿನ ಅವನು ಮೇಸ್ತ್ರಿಗೆ ಫೋನು ಮಾಡಿ ದನಿ ತಗ್ಗಿಸಿದ. "ಮೇಸ್ತ್ರೀ, ಒಂದುಪಕಾರ ಆಗ್ಬೇಕು. ಈ ಕೆಲಸ ನೀವು ಮಾಡಿದ್ದು ಅಂತ ಯಾರಿಗೂ ಹೇಳ್ಬೇಡಿ. ನಾನೇ ಮಾಡಿದ್ದು ಅಂತ ಇರ್ಲಿ."

"ಗಿರಾಕಿ ಮಾತೇ ಮಾತು ಸಾರ್. ಜಾಬ್ ಕಾರ್ಡಲ್ಲಿ ಬರ್ಕೊಳ್ತೀನಿ." ಆ ಕಡೆ ಪೆನ್ನು ಗೀಚುವ ಸದ್ದಾಯಿತು. "ವಿಶೇಷ ಸೂಚನೆ. ಈ ಕೆಲಸವನ್ನು ನಾನು ಮಾಡಿಲ್ಲ. ಗಿರಾಕಿಯವರೇ ಮಾಡಿರುತ್ತಾರೆ. ಸರೀನಾ ಸಾರ್?"

"ಸರಿ, ಸರಿ."

"ಆದ್ರೆ ಕೆಲಸ ಆದಮೇಲಿನ ಸೇವೆ ನಿಲ್ಸೋಕಾಗಲ್ಲ. ಮೂರನೇ ದಿನ ಫೋನು, ಹತ್ತನೇ ದಿನ ಹಳೇ ಸಾಮಾನು ವಾಪಸ್ಸು, ನೂರು ಕಿಲೋಮೀಟರ್ ಆದ್ಮೇಲೆ ನಾನೇ ಬಂದು ಕಿವಿಯಿಟ್ಟು ಕೇಳ್ಬೇಕು."

"ನಂಗೆ ಅದೆಲ್ಲ ಬೇಡ ಮೇಸ್ತ್ರಿ."

"ನಿಮಗೆ ಬೇಡದೆ ಇರ್ಬಹುದು ಸಾರ್. ಗೇರ್‌ಬಾಕ್ಸಿಗೆ ಬೇಕು."

ಮೂರನೇ ದಿನ ಫೋನು ಬಂತು. ಎತ್ತಿಕೊಂಡವರು ಮಾವ.

"ನಮಸ್ಕಾರ ಸಾರ್" ಎಂದಿತು ಆ ಕಡೆಯ ದನಿ. "ನಾನು ಯಾರೂ ಅಲ್ಲ. ನಿಮ್ಮ ಗೇರ್‌ಬಾಕ್ಸ್ ರಿಪೇರಿ ಮಾಡದೇ ಇರೋನು. ಮೂರನೇ ಗೇರು ಸಲೀಸಾಗಿ ಬೀಳ್ತಿದೆಯಾ?"

"ಬೀಳ್ತಿದೆ" ಎಂದರು ಮಾವ, ದಂಗಾಗಿ.

"ಸಂತೋಷ ಸಾರ್. ಇಡ್ತೀನಿ."

ಮಾವ ಫೋನು ಕೆಳಗಿಟ್ಟರು. ಆಮೇಲೆ ಮಗಳನ್ನು ಕರೆದು, "ನೋಡಮ್ಮಾ, ನಿನ್ನ ಗಂಡನ ಕೆಲಸದ ಬಗ್ಗೆ ಗುರುತು ಪರಿಚಯ ಇಲ್ಲದವರೂ ವಿಚಾರಿಸ್ಕೊಳ್ತಿದ್ದಾರೆ!" ಎಂದರು. ಚಿಕ್ಕಳಿಯ ಅಂದು ಒಂದು ಅಂಗುಲ ಎತ್ತರವಾದ. ಹಳೇ ಪ್ಯಾಂಟು ಗಿಡ್ಡವಾಯಿತೆಂದು ಅವನೇ ಹೇಳಿಕೊಂಡ.

ಹತ್ತನೇ ದಿನ ಮರದ ಪೆಟ್ಟಿಗೆಯೊಂದು ಬಂತು. ಕಳಿಸಿದವರ ಜಾಗದಲ್ಲಿ ದುಂಡಗಿನ ಅಕ್ಷರದಲ್ಲಿ "ಯಾರೂ ಇಲ್ಲ" ಎಂದಿತ್ತು. ಹೆಂಡತಿ ಮುಚ್ಚಳ ತೆಗೆದಳು. ಒಳಗೆ ಹಳೆಯ ಗೇರುಗಳು, ಬೇರಿಂಗುಗಳು, ಒಂದೊಂದನ್ನೂ ಥಳಥಳ ತೊಳೆದು ಬಿಳೀ ಬಟ್ಟೆಯಲ್ಲಿ ಸುತ್ತಿ, ಒಂದೊಂದಕ್ಕೂ ಚೀಟಿ ಕಟ್ಟಿತ್ತು. "ಮೂರನೇ ಗೇರು. ನಾಲ್ಕು ಹಲ್ಲು ಹೋಗಿವೆ. ನೋವಿಲ್ಲ." "ಬೇರಿಂಗು. ತುಂಬ ದುಡಿದಿದೆ. ಎಸೆಯಬೇಡಿ."

"ರೀ, ಇದು ನಿಮ್ಮ ಅಕ್ಷರ ಅಲ್ಲ. ನಿಮ್ಮ ಅಕ್ಷರ ಇಷ್ಟು ಚೆನ್ನಾಗಿಲ್ಲ."

"ಎಡಗೈಲಿ ಬರೆದೆ ಕಣೇ. ಬಲಗೈಲಿ ಸ್ಪ್ಯಾನರ್ ಇತ್ತು."

"ಚಮಚ ಅಂದಿದ್ರಿ?"

"ಚಮಚ ಬಾಯಲ್ಲಿತ್ತು."

ಹೆಂಡತಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದಳು. ಹದಿಮೂರು ವರ್ಷ ಸಂಸಾರ ಮಾಡಿದವಳಿಗೆ ಎಲ್ಲಿ ಬಾಯಿ ಮುಚ್ಚಿಕೊಂಡರೆ ಹೆಚ್ಚು ಮಜಾ ಸಿಗುತ್ತದೆಂದು ಗೊತ್ತಿರುತ್ತದೆ.

ನೂರು ಕಿಲೋಮೀಟರ್ ತುಂಬಿದ ಭಾನುವಾರ ಮೇಸ್ತ್ರಿ ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟು, ಕಂಕುಳಲ್ಲಿ ಮರದ ಕೋಲು ಸಿಕ್ಕಿಸಿಕೊಂಡು ಗೇಟು ತೆರೆದರು. ಹಾಳು ಗ್ರಹಚಾರಕ್ಕೆ ಅಂಗಳದಲ್ಲಿ ಸಭೆಯೇ ಸೇರಿತ್ತು. ಮಾವ, ದೊಡ್ಡಳಿಯ, ಹೊಲಿಗೆ ಟೀಚರ್. ಇವರ ಜತೆಗೆ, ಊರಿನ ಗಾಡಿಗಳನ್ನೆಲ್ಲ ತಪಾಸಣೆ ಮಾಡುವ ಬ್ರೇಕ್ ಇನ್ಸ್‌ಪೆಕ್ಟರ್ ಸಾಹೇಬರು. ಇವರು ಮಾವನ ಹಳೇ ವಿದ್ಯಾರ್ಥಿ. ಚಮಚದ ಕೀರ್ತಿ ಕೇಳಿ ಖುದ್ದಾಗಿ ದರ್ಶನಕ್ಕೆ ಬಂದಿದ್ದರು.

"ಯಾರು ಬೇಕಾಗಿತ್ತು?" ಎಂದರು ಮಾವ.

ಮೇಸ್ತ್ರಿ ಚಿಕ್ಕಳಿಯನ ಮುಖ ನೋಡಿದರು. ತಾನು ಮೇಸ್ತ್ರಿ ಎನ್ನುವಂತಿಲ್ಲ. ವಾಪಸ್ ಹೋಗುವಂತೆಯೂ ಇಲ್ಲ. ಬಿಳೀ ಮೀಸೆಯನ್ನು ಒಮ್ಮೆ ನೀವಿಕೊಂಡರು.

"ನನ್ನ ಶಿಷ್ಯ ಮಾವ" ಎಂದುಬಿಟ್ಟ ಚಿಕ್ಕಳಿಯ.

"ಹೌದು ಸಾರ್. ಶಿಷ್ಯ" ಎಂದು ಮೇಸ್ತ್ರಿ ಬಾಗಿ ಕೈಮುಗಿದರು.

ಇನ್ಸ್‌ಪೆಕ್ಟರರು ಆ ಬಿಳೀ ಮೀಸೆಯನ್ನೂ ಚಿಕ್ಕಳಿಯನ ಕರೀ ಮೀಸೆಯನ್ನೂ ಹೋಲಿಸಿ ನೋಡಿದರು. ಅದು ಅವರ ಇಲಾಖೆಯ ಅಭ್ಯಾಸ. "ನಿಮಗೆ ವಯಸ್ಸೆಷ್ಟು?"

"ಅರವತ್ತೆಂಟು ಸಾರ್."

"ಗೇರ್‌ಬಾಕ್ಸ್ ಕೆಲಸ ಎಷ್ಟು ವರ್ಷದಿಂದ ಕಲೀತಿದ್ದೀರಿ?"

ಮೇಸ್ತ್ರಿಗೆ ಗೇರಿನ ವಿಷಯದಲ್ಲಿ ಸುಳ್ಳು ಹೇಳಿ ಗೊತ್ತಿಲ್ಲ. "ಐವತ್ತೊಂದು ವರ್ಷ ಸಾರ್."

"ನಿಮ್ಮ ಗುರುಗಳಿಗೇ ಇನ್ನೂ ಮೂವತ್ತೊಂಬತ್ತು!" ಎಂದು ದೊಡ್ಡಳಿಯ ಕುರ್ಚಿಯಿಂದ ಅರ್ಧ ಎದ್ದ.

ಮೇಸ್ತ್ರಿ ಒಂದು ಗಳಿಗೆ ಯೋಚಿಸಿದರು. "ಗುರುಗಳು ಬಹಳ ಬೇಗ ಶುರು ಮಾಡಿದ್ರು ಸಾರ್."

ಹೇಳಿದವರೇ ಗಾಡಿಯ ಕೆಳಗೆ ನುಸುಳಿ, ಕೋಲಿಗೆ ಕಿವಿಯಿಟ್ಟು, ಎಣ್ಣೆ ನೋಡಿ, ಎಲ್ಲ ಬೋಲ್ಟುಗಳನ್ನೂ ಮುಟ್ಟಿ ಮಾತಾಡಿಸಿ ಎದ್ದು ಬಂದರು. ಅಂಗಿಗೆ ಒಂದು ಚುಕ್ಕೆ ಕೊಳೆಯಿರಲಿಲ್ಲ. ಇಂಥ ಶಿಷ್ಯನಿದ್ದರೆ ಗುರು ಹೇಗಿರಬೇಡ ಎಂದು ಇನ್ಸ್‌ಪೆಕ್ಟರರು ಚಿಕ್ಕಳಿಯನ ಕೈ ಹಿಡಿದು ಕುಲುಕಿದರು. ತಮ್ಮ ಕಚೇರಿಯ ಹಿತ್ತಲಲ್ಲಿ ಎಂಟು ಹಳೇ ಜೀಪುಗಳು ಗೇರ್ ಕೆಟ್ಟು ನಿಂತಿವೆ, ಎಂಟಕ್ಕೂ ಅವನೇ ಗತಿ ಎಂದರು. ಟೀಚರ್ ಓಡಿಹೋಗಿ ಹೊಲಿಗೆ ಯಂತ್ರವನ್ನೇ ಎತ್ತಿಸಿಕೊಂಡು ಬಂದರು. "ಇದರಲ್ಲೂ ಹಲ್ಲಿನ ಚಕ್ರ ಇದೆ. ಚಮಚ ಒಂದ್ಸಲ ಆಡಿಸಿಬಿಡಿ." ಎರಡನೇ ಮನೆಯಿಂದ ಗಿರಣಿ ಕಲ್ಲು ಬಂತು, ಒಂಬತ್ತನೇ ಮನೆಯಿಂದ ಕಟ್ಟಿದ ಹಲ್ಲಿನ ಸೆಟ್ಟು ಬಂತು.

ದೊಡ್ಡಳಿಯನಿಗೆ ಮಾತ್ರ ತನ್ನ ಹೂವಿನ ಕುಂಡಗಳು ಕಣ್ಣೆದುರೇ ಬಾಡುತ್ತಿರುವಂತೆ ಕಂಡಿತು. "ಮಾವ, ಬಾಯಿ ಮಾತು ಯಾಕೆ? ಬರೋ ಭಾನುವಾರ ನಮ್ಮೆಲ್ಲರ ಮುಂದೆ ಇನ್ನೊಂದ್ಸಲ ಬಿಚ್ಚಿ ಕೂಡಿಸ್ಲಿ. ಇನ್ಸ್‌ಪೆಕ್ಟರ್ ಸಾಹೇಬ್ರೂ ಇರ್ಲಿ."

"ಆಗ್ಲಿ" ಎಂದರು ಮಾವ. "ಅಳಿಯಂದ್ರೇ, ನೀವು ಬಿಚ್ಚಿ ಕೂಡಿಸಿದ್ರೆ ಗಾಡಿ ಅವತ್ತೇ ನಿಮ್ಮ ಹೆಸರಿಗೆ. ಇಲ್ದಿದ್ರೆ ಅವತ್ತೇ ಇವರ ಹೋಟೆಲಿಗೆ."

"ಇಷ್ಟೇನಾ!" ಎಂದ ಚಿಕ್ಕಳಿಯ, ಕಾಲರ್ ಸರಿಮಾಡಿಕೊಂಡು.

ಭಾನುವಾರ ಎಂಟಕ್ಕೆಲ್ಲ ಮೇಸ್ತ್ರಿ ಗೇರ್‌ಬಾಕ್ಸನ್ನು ಕೆಳಗಿಳಿಸಿ, ಬಿಳೀ ಬಟ್ಟೆ ಹಾಸಿದ ಮೇಜಿನ ಮೇಲೆ ಮಲಗಿಸಿ, ಸ್ಪ್ಯಾನರುಗಳನ್ನು ಸೈಜಿನ ಪ್ರಕಾರ ಜೋಡಿಸಿಟ್ಟಿದ್ದರು. ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹದಿನಾಲ್ಕು ಮನೆಗಳಲ್ಲಿ ಹದಿಮೂರಕ್ಕೆ ಬೀಗ ಬಿದ್ದಿತ್ತು, ಹದಿನಾಲ್ಕನೆಯದು ಇದೇ.

ಚಿಕ್ಕಳಿಯ ಕೈ ಹಿಂದೆ ಕಟ್ಟಿಕೊಂಡು ನಿಂತ. "ಶಿಷ್ಯಾ, ಬಿಚ್ಚು."

ಮೇಸ್ತ್ರಿ ಬಿಚ್ಚಿದರು.

"ಆ ದೊಡ್ಡದು ತೆಗಿ."

"ಯಾವ ದೊಡ್ಡದು ಗುರುಗಳೇ?"

"ನಿನಗೆ ಗೊತ್ತಿರೋದು."

ಹೀಗೆ ಮುಕ್ಕಾಲು ಗಂಟೆ ವಿದ್ಯೆ ಗಂಗಾಪ್ರವಾಹದಂತೆ ಹರಿಯಿತು. ಇನ್ಸ್‌ಪೆಕ್ಟರರು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು. ಆಗ ದೊಡ್ಡಳಿಯ ಎದ್ದು ನಿಂತ. "ಶಿಷ್ಯರದ್ದು ಸಾಕು. ಇನ್ಮೇಲೆ ಗುರುಗಳ ಕೈ ಓಡ್ಲಿ. ಆ ನಡುವಿನ ಗೇರು ನೀನೇ ತೆಗೆಯಯ್ಯಾ ನೋಡೋಣ."

ನಡುವಿನದೇ ಮೂರನೇ ಗೇರು. ಚಿಕ್ಕಳಿಯ ಅದನ್ನು ಹಿಡಿದೆಳೆದ. ಬರಲಿಲ್ಲ. ತಿರುಗಿಸಿದ, ಜಗ್ಗಲಿಲ್ಲ. ಅದಕ್ಕೊಂದು ಕೊಕ್ಕೆಯಿತ್ತು, ಉಗುರಿನಷ್ಟು ಚಿಕ್ಕದು. ಅದನ್ನು ಮೇಸ್ತ್ರಿ ಎರಡು ಸಲ ತೋರಿಸಿದ್ದರು. ಎರಡು ಸಲವೂ ಅವನು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತ ತಲೆಯಾಡಿಸಿದ್ದ. ಈಗ ಅವನು ಸಭೆಯತ್ತ ತಿರುಗಿ, "ಹಳೇ ಗೇರು ಅಂದ್ರೆ ಸ್ವಲ್ಪ ಗದರಿಸ್ಬೇಕು" ಎಂದು ನಕ್ಕು, ದೊಡ್ಡ ಸುತ್ತಿಗೆಯನ್ನೇ ಎತ್ತಿಕೊಂಡ.

ಮೇಸ್ತ್ರಿ ಒಂದು ಹೆಜ್ಜೆ ಮುಂದೆ ಬಂದರು. "ಗುರುಗಳೇ" ಎಂದರು. "ಗುರುಗಳೇ, ಅದು..." ಕೈ ಚಾಚಿದರು, ಮತ್ತೆ ಹಿಂದಕ್ಕೆಳೆದು ಬೆನ್ನ ಹಿಂದೆ ಗಟ್ಟಿಯಾಗಿ ಹಿಡಿದುಕೊಂಡರು. "ಗಿರಾಕಿ... ಅಲ್ಲ, ಗುರುಗಳ ಮಾತೇ ಮಾತು" ಎಂದು ಕಣ್ಣು ಮುಚ್ಚಿಕೊಂಡರು. ಆ ಗೇರಿನ ಹಲ್ಲು ಉಜ್ಜಿ ಉಜ್ಜಿ ಅವರ ಹೆಬ್ಬೆರಳಲ್ಲಿ ಎದ್ದಿದ್ದ ಬೊಬ್ಬೆ ಇನ್ನೂ ಆರಿರಲಿಲ್ಲ.

ಸುತ್ತಿಗೆ ಮೇಲೆ ಹೋಯಿತು. ಅಲ್ಲೇ ನಿಂತಿತು. ಚಿಕ್ಕಳಿಯ ಅದನ್ನು ನಿಧಾನವಾಗಿ ಇಳಿಸಿ ನೆಲದ ಮೇಲಿಟ್ಟ.

"ಮಾವ, ಇದು ನಾನು ಮಾಡಿದ್ದಲ್ಲ. ಇವರು ಮಾಡಿದ್ದು. ಇವರು ಮೇಸ್ತ್ರಿ. ಗೇರ್‌ಬಾಕ್ಸಿಗೆ ಹಿಂದು ಮುಂದು ಯಾವುದು ಅಂತಾನೂ ನಂಗೆ ಗೊತ್ತಿಲ್ಲ."

ಆದರೆ ಮೇಸ್ತ್ರಿಯ ಸೇವೆ ಅಷ್ಟು ಸುಲಭವಾಗಿ ಕೈಬಿಡುವಂಥದ್ದಲ್ಲ. "ಇಲ್ಲ ಸಾರ್, ಅವರೇ ಮಾಡಿದ್ದು" ಎಂದರು ಕಣ್ಣು ತೆರೆದು.

"ಅಲ್ಲ ಮಾವ, ಇವರೇ!"

"ಅವರೇ ಸಾರ್. ಜಾಬ್ ಕಾರ್ಡಲ್ಲಿದೆ."

"ನೋಡಿ, ಎಂಥ ವಿನಯ!" ಎಂದರು ಇನ್ಸ್‌ಪೆಕ್ಟರರು. "ಗುರು ಶಿಷ್ಯನಿಗೆ ಕೀರ್ತಿ ಕೊಡ್ತಿದ್ದಾನೆ, ಶಿಷ್ಯ ಬೇಡ ಅಂತಿದ್ದಾನೆ." ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಮೇಸ್ತ್ರೀ, ನಿಮಗೆ ಕೈ ಮುಗೀತೀನಿ! ನಾನು ಕೊಟ್ಟ ಸೂಚನೆ ವಾಪಸ್ ತಗೊಂಡೆ!"

"ಬರೆದು ಕೊಡ್ಬೇಕಾಗುತ್ತೆ ಸಾರ್."

ಚಿಕ್ಕಳಿಯ ಇನ್ಸ್‌ಪೆಕ್ಟರರ ಪುಸ್ತಕದಿಂದಲೇ ಒಂದು ಹಾಳೆ ಹರಿದುಕೊಂಡು, ಹದಿನಾಲ್ಕು ಮನೆಗಳ ಸಮಕ್ಷಮದಲ್ಲಿ, ತಾನು ಏನನ್ನೂ ಮಾಡಿರುವುದಿಲ್ಲವೆಂದು ಬರೆದು ಸಹಿ ಹಾಕಿದ. ಮೇಸ್ತ್ರಿ ಅದನ್ನು ಓದಿ, ಮಡಿಸಿ, ಜೇಬಿಗಿಟ್ಟುಕೊಂಡರು. ಆಮೇಲೆ ಉಗುರಿನ ತುದಿಯಿಂದ ಆ ಚಿಕ್ಕ ಕೊಕ್ಕೆಯನ್ನು ಮೀಟಿದರು. ಗೇರು ಅವರ ಅಂಗೈಗೆ ತಾನಾಗಿ ಬಂದು ಕೂತಿತು.

ಅಂಗಳದಲ್ಲಿ ಎದ್ದ ನಗೆ ಬೀದಿಯಾಚೆಯ ಮರದ ಹಕ್ಕಿಗಳನ್ನೆಲ್ಲ ಎಬ್ಬಿಸಿತು. ಹೆಂಡತಿ ಮನೆಯೊಳಗಿನಿಂದ ಮರದ ಪೆಟ್ಟಿಗೆ ತಂದು ಎಲ್ಲರಿಗೂ ಚೀಟಿಗಳನ್ನು ಓದಿ ಹೇಳಿದಳು. ಅದಕ್ಕೆಂದೇ ಅವಳು ಕಾದಿದ್ದಳು. ದೊಡ್ಡಳಿಯ ಮಾವನ ಮುಂದೆ ಕೈ ಚಾಚಿ ನಿಂತ. "ಕೀಲಿಕೈ ಕೊಡಿ ಮಾವ. ಆಟ ಮುಗೀತು."

ಮಾವ ಕೀಲಿಕೈಯನ್ನು ಬೆರಳಲ್ಲಿ ತಿರುಗಿಸಿದರು. "ಒಂದು ಮಾತು. ಸುತ್ತಿಗೆ ನಿಮ್ಮ ಕೈಲಿದ್ದಿದ್ರೆ ಏನ್ಮಾಡ್ತಿದ್ರಿ?"

"ಹೊಡೆದೇ ಹೊಡೀತಿದ್ದೆ! ಸಭೇಲಿ ಮರ್ಯಾದೆ ಪ್ರಶ್ನೆ ಅಲ್ವಾ?"

"ಅದೇ." ಮಾವ ಕೀಲಿಕೈಯನ್ನು ಚಿಕ್ಕಳಿಯನ ಅಂಗಿ ಜೇಬಿಗೆ ಹಾಕಿದರು. "ಗಾಡಿ ಇವರ ಹತ್ರ ಇರುತ್ತೆ. ಅದರ ಹೊಟ್ಟೆ ಮೇಸ್ತ್ರಿ ನೋಡ್ಕೊಳ್ತಾರೆ. ಆದ್ರೆ ಅಳಿಯಂದ್ರೇ, ಇನ್ಮೇಲೆ ಸ್ಪ್ಯಾನರ್ ಇರ್ಲಿ, ಚಮಚಾನೂ ಊಟದ ಹೊತ್ತಲ್ಲಿ ಮಾತ್ರ ಮುಟ್ಬೇಕು."

ಚಿಕ್ಕಳಿಯ ಆ ಕ್ಷಣವೇ ಮತ್ತೆ ಒಂದು ಅಂಗುಲ ಬೆಳೆಯತೊಡಗಿದ್ದ. "ಪಾಪ, ಅದಕ್ಕೆ ವಯಸ್ಸಾಗಿತ್ತು ಮಾವ. ಅದಕ್ಕೇ ಕೆಟ್ಟಿತು. ಇಲ್ದಿದ್ರೆ ನನ್ನ ಡ್ರೈವಿಂಗಿಗೆ..."

ಮೇಸ್ತ್ರಿ ಮೆಲ್ಲಗೆ ಕೆಮ್ಮಿದರು. "ವಯಸ್ಸಿಂದಲ್ಲ ಸಾರ್. ಗಾಡಿ ಮುಂದಕ್ಕೆ ಹೋಗ್ತಿರುವಾಗ ಯಾರೋ ರಿವರ್ಸ್ ಹಾಕಿದ್ದಾರೆ." ಚಿಕ್ಕಳಿಯನ ಕಡೆ ತಿರುಗಿ ತಲೆ ಬಾಗಿಸಿದರು. "ಇದರ ಬಗ್ಗೆ ನೀವು ಸೂಚನೆ ಏನೂ ಕೊಟ್ಟಿರ್ಲಿಲ್ಲ."

ಹದಿನಾಲ್ಕು ಮನೆಗಳೂ ಅವನತ್ತ ನೋಡಿದವು.

"ಯಾಕ್ರೀ ಹಾಕಿದ್ರಿ?" ಎಂದರು ಮಾವ.

ಚಿಕ್ಕಳಿಯ ಗೋಡೆ ನೋಡಿದ, ಗೇಟು ನೋಡಿದ, ಹೆಂಡತಿಯನ್ನು ನೋಡಿದ. ಎಲ್ಲೂ ದಾರಿಯಿರಲಿಲ್ಲ.

"ಪೇಟೇಲಿ ಹೊಸ ಬಟ್ಟೆ ಅಂಗಡಿ ಆಗಿದೆಯಲ್ಲ ಮಾವ, ಗೋಡೆ ತುಂಬ ಗಾಜು. ಅಲ್ಲಿ ತಿರುಗ್ತಾ ಇದ್ದೆ. ಎದುರಿಂದ ಇಂಥದ್ದೇ ಕೆನೆ ಬಣ್ಣದ ಗಾಡಿ ಬಂತು. ಒಳಗೆ ಯಾರೋ ದೊಡ್ಡ ಮನುಷ್ಯರು. ಏನು ಗತ್ತು, ಏನು ಮೀಸೆ! ಅಂಥವರಿಗೆ ನಾನು ಅಡ್ಡ ಬರಬಾರದು, ಹಿಂದೆ ಸರಿದು ದಾರಿ ಬಿಡೋಣ ಅಂತ ರಿವರ್ಸ್ ಹಾಕಿದೆ."

"ಆಮೇಲೆ?"

"ಅವರೂ ಹಾಕಿದ್ರು ಮಾವ."